ಓದುಗರ ಪ್ರಶ್ನೆ, ನಮ್ಮ ಉತ್ತರ: ಮ್ಯೂಲ್ ಡೀರ್ ಬೇಟೆ ಮತ್ತು ಪರ್ಮಿಟ್ ನಿಯಮಗಳು

ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ನೆಲೆಸಿರುವ ಓದುಗರು ಮ್ಯೂಲ್ ಡೀರ್ ಬೇಟೆಯ ಬಗ್ಗೆ ಕಳಿಸಿದ ಪ್ರಶ್ನೆಗಳಿಗೆ ಈ ಸಂಚಿಕೆಯ ಅಂಕಣ ಮೀಸಲು. ಹೇಸರಗತ್ತೆಯಂಥ ಉದ್ದ ಕಿವಿ, ಹಿಂಭಾಗದಲ್ಲಿ ಬಿಳಿ ಪಟ್ಟೆ, ತುದಿ ಮಾತ್ರ ಕಪ್ಪಾದ ಬಾಲ ಇರುವ ಜಿಂಕೆ ಇದು. ಅಮೆರಿಕದಲ್ಲಿ ಇಂಥ ಪ್ರಾಣಿಗಳ ಹೊಣೆ ಆಯಾ ರಾಜ್ಯದ್ದು, ಹಾಗಾಗಿ ನಿಯಮವೂ ರಾಜ್ಯಕ್ಕೊಂದು. ಹೆಚ್ಚಿನ ಪ್ರಶ್ನೆಗಳು ಕೊಲರಾಡೊದಿಂದ ಬಂದಿವೆ. ಬೇರೆ ರಾಜ್ಯದ ಹೆಸರು ಹೇಳದ ಕಡೆಯೆಲ್ಲ ಕೊಲರಾಡೊ ಎಂದೇ ಓದಿಕೊಳ್ಳಿ. ದಿನಾಂಕ, ಶುಲ್ಕ, ಯೂನಿಟ್ಟಿನ (ಬೇಟೆಗೆಂದು ಗಡಿ ಹಾಕಿದ ಪ್ರದೇಶದ) ವಿವರಗಳು ವರ್ಷವರ್ಷ ಬದಲಾಗುತ್ತವೆ. ರಾಜ್ಯದ ವನ್ಯಜೀವಿ ಇಲಾಖೆಯ ಆ ವರ್ಷದ ನಿಯಮ ಪುಸ್ತಿಕೆಯನ್ನು ಇಳಿಸಿಕೊಂಡು, ಪಕ್ಕದಲ್ಲಿಟ್ಟುಕೊಂಡೇ ಈ ಉತ್ತರಗಳನ್ನು ಓದಿ.

ಪ್ರ: ಅಕ್ಟೋಬರ್ ಕೊನೆಗೆ ಒಂದು ವಾರ ರಜೆ ಹಾಕಿದ್ದೇನೆ. ಅಂಗಡಿಯಲ್ಲಿ ಲೈಸೆನ್ಸ್ ಕೊಂಡು ಹೊರಟರೆ ಆಯಿತಲ್ಲವೇ? (ಡೆನ್ವರ್)

ಉ: ಆಗುವುದಿಲ್ಲ. ಕೊಲರಾಡೊದಲ್ಲಿ 1999ರಿಂದ ಜಿಂಕೆಯ ಲೈಸೆನ್ಸ್ ಪೂರ್ತಿ ಡ್ರಾ (ಅರ್ಜಿ ಹಾಕಿಸಿ ಚೀಟಿ ಎತ್ತುವ ಕ್ರಮ) ಮೂಲಕವೇ ಹಂಚಿಕೆಯಾಗುತ್ತದೆ. ಎಲ್ಕ್ ಎಂಬ ದೊಡ್ಡ ಜಾತಿಯ ಜಿಂಕೆಗೆ ಕೆಲವು ಲೈಸೆನ್ಸ್‌ಗಳನ್ನು ಅಂಗಡಿಯಲ್ಲೇ ಕೊಳ್ಳಬಹುದು. ಅದನ್ನು ನೋಡಿದವರು ಮ್ಯೂಲ್ ಡೀರ್‌ಗೂ ಹಾಗೇ ಇರಬೇಕು ಎಂದುಕೊಂಡು ಮೋಸಹೋಗುತ್ತಾರೆ.

ಅಕ್ಟೋಬರ್ ಬೇಟೆಯ ಕೆಲಸ ಶುರುವಾಗುವುದು ಹಿಂದಿನ ಚಳಿಗಾಲದಲ್ಲಿ. ಮೊದಲು ಬೇಕಾದ್ದು ಬೇಟೆಯ ತರಬೇತಿ ಮುಗಿಸಿದವರಿಗೆ ಕೊಡುವ ಹಂಟರ್ ಎಜುಕೇಶನ್ ಕಾರ್ಡು. 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದ ಎಲ್ಲರಿಗೂ ಇದು ಕಡ್ಡಾಯ. ಮಾರ್ಚ್ ಹೊತ್ತಿಗೆ ತರಗತಿಗಳಲ್ಲಿ ಜಾಗ ಸಿಗುವುದು ಕಷ್ಟ, ಜನವರಿಯಲ್ಲೇ ಹೆಸರು ಬರೆಸಿ. ಆಮೇಲೆ ಡ್ರಾಗೆ ಅರ್ಹತೆ ಕೊಡುವ ಬೇರೊಂದು ಲೈಸೆನ್ಸ್ ಕೊಳ್ಳಬೇಕು. ಯಾವುವು ನಡೆಯುತ್ತವೆ ಎಂಬ ಪಟ್ಟಿ ಪುಸ್ತಿಕೆಯಲ್ಲಿದೆ. 18ರಿಂದ 64 ವರ್ಷದವರಿಗೆ ಹ್ಯಾಬಿಟಾಟ್ ಸ್ಟ್ಯಾಂಪ್ (ವನ್ಯಜೀವಿ ನೆಲೆಗಳಿಗಾಗಿ ಕಟ್ಟುವ ಶುಲ್ಕದ ಚೀಟಿ) ಕೂಡ ಬೇಕು. ಅರ್ಜಿಯ ಕೊನೆಯ ದಿನ ಸಾಮಾನ್ಯವಾಗಿ ಏಪ್ರಿಲ್‌ನ ಮೊದಲ ಮಂಗಳವಾರ. ಅದು ತಪ್ಪಿದರೆ ಜೂನ್‌ನಲ್ಲಿ ಎರಡನೇ ಡ್ರಾ ಇದೆ, ಅದೂ ತಪ್ಪಿದರೆ ಆಗಸ್ಟ್‌ನಲ್ಲಿ ಉಳಿಕೆ ಲೈಸೆನ್ಸ್‌ಗಳ ಮಾರಾಟ. ಉಳಿಕೆಯಲ್ಲಿ ಸಿಗುವುದು ಬಹುಪಾಲು ಹೆಣ್ಣು ಜಿಂಕೆಯ ಲೈಸೆನ್ಸ್, ಇಲ್ಲವೇ ಖಾಸಗಿ ಜಮೀನಿಗಷ್ಟೇ ಸಲ್ಲುವಂಥದ್ದು. ಜಮೀನಿನ ಒಡೆಯರ ಒಪ್ಪಿಗೆ ಮೊದಲೇ ಕೈಯಲ್ಲಿಲ್ಲದೆ ಖಾಸಗಿ ಜಮೀನಿನ ಲೈಸೆನ್ಸ್ ಕೊಂಡರೆ ದುಡ್ಡು ನೀರಲ್ಲಿ ಹೋಮ.

ಒಂದು ಎಚ್ಚರಿಕೆ. ಆರು ತಿಂಗಳು ಸತತವಾಗಿ ವಾಸವಿದ್ದವರು ಮಾತ್ರ ಇಲ್ಲಿ ರೆಸಿಡೆಂಟ್. ನಾಲ್ಕು ತಿಂಗಳ ಹಿಂದೆ ಬಂದು ಮನೆ ಮಾಡಿದವರು, ಶುಲ್ಕ ಹಲವು ಪಟ್ಟು ಕಡಿಮೆ ಎಂದು ಆ ಖಾನೆಗೆ ಗುರುತು ಹಾಕಿದರೆ ಅದು ಸುಳ್ಳು ಘೋಷಣೆ, ಶಿಕ್ಷೆಯಾಗುವ ಅಪರಾಧ. ವಯೋಮಿಂಗ್‌ನಲ್ಲಿ ಈ ಅವಧಿ ಇಡೀ ಒಂದು ವರ್ಷ.

ಪ್ರ: ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಬಂದೂಕು ಮುಟ್ಟುವುದೇ ಅಪರಾಧ ಎಂದು ಒಬ್ಬರು, ಏನೂ ತೊಂದರೆಯಿಲ್ಲ ಎಂದು ಇನ್ನೊಬ್ಬರು ಹೇಳುತ್ತಾರೆ. ಯಾರದು ಸರಿ? (ಸಾಲ್ಟ್ ಲೇಕ್ ಸಿಟಿ)

ಉ: ಇಬ್ಬರೂ ಅರ್ಧರ್ಧ ಹೇಳಿದ್ದಾರೆ. ವಲಸೆಯೇತರ ವೀಸಾದ ಮೇಲೆ ಬಂದವರು ಬಂದೂಕು, ಮದ್ದುಗುಂಡು ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ. ಎಚ್-1ಬಿ, ಎಫ್-1, ಎಲ್-1 ಎಲ್ಲವೂ ಇದರಲ್ಲಿ ಬಂತು. ಅದೇ ಕಾನೂನು ಒಂದು ವಿನಾಯಿತಿಯನ್ನೂ ಕೊಟ್ಟಿದೆ: ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ನಿಮ್ಮ ಬಳಿ ಇದ್ದರೆ ಆ ನಿಷೇಧ ನಿಮಗೆ ತಗುಲುವುದಿಲ್ಲ. ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧವೇ ಇಲ್ಲ.

ಇಲ್ಲಿ ಎಡವುವುದು ‘ಚಾಲ್ತಿಯಲ್ಲಿರುವ’ ಎಂಬ ಮಾತಿನಲ್ಲಿ. ಬೇಟೆ ಮುಗಿಯಿತು, ರೈಫಲ್ ಕಪಾಟಿನಲ್ಲಿದೆ, ಲೈಸೆನ್ಸಿನ ಅವಧಿ ಕಳೆದುಹೋಯಿತು ಎಂದಿಟ್ಟುಕೊಳ್ಳಿ. ಮರುದಿನದಿಂದ ಆ ರೈಫಲ್ ನಿಮ್ಮ ಮನೆಯಲ್ಲಿರುವುದೇ ಅಪರಾಧ. ನೀವು ಅದನ್ನು ಮುಟ್ಟಬೇಕೆಂದೂ ಇಲ್ಲ. ಪರಿಣಾಮ ದಂಡಕ್ಕೆ ನಿಲ್ಲುವುದಿಲ್ಲ, ವೀಸಾಕ್ಕೂ ಬಂದು ತಾಗುತ್ತದೆ. ಆದ್ದರಿಂದ ಹಳೆಯ ಲೈಸೆನ್ಸ್ ಮುಗಿಯುವ ಮುಂಚೆಯೇ ಹೊಸದನ್ನು ಕೊಳ್ಳಿ. ಸಣ್ಣ ಪ್ರಾಣಿಗಳ ಬೇಟೆಯ ವಾರ್ಷಿಕ ಲೈಸೆನ್ಸ್ ಅಗ್ಗ, ಅದರ ಮೇಲೂ ಈ ವಿನಾಯಿತಿ ನಿಲ್ಲುತ್ತದೆ. ಶೂಟಿಂಗ್ ರೇಂಜಿನಲ್ಲಿ ಬಾಡಿಗೆ ಬಂದೂಕು ಹಿಡಿಯುವಾಗಲೂ ಲೈಸೆನ್ಸ್ ಜೇಬಿನಲ್ಲಿರಲಿ.

ಅಂಗಡಿಯಲ್ಲಿ ಕೊಳ್ಳುವಾಗ ತುಂಬುವ 4473 ಫಾರಂನಲ್ಲಿ ವಲಸೆಯೇತರ ವೀಸಾ ಕುರಿತ ಪ್ರಶ್ನೆಗೆ ಹೌದು ಎಂದೇ ಬರೆದು, ವಿನಾಯಿತಿ ಇದೆ ಎಂದು ಸೂಚಿಸಿ, ಬೇಟೆ ಲೈಸೆನ್ಸಿನ ಪ್ರತಿ ಲಗತ್ತಿಸಬೇಕು. ಐ-94 (ದೇಶದೊಳಗೆ ಬಂದ ದಾಖಲೆ) ಸಂಖ್ಯೆ, ರಾಜ್ಯದಲ್ಲಿ ವಾಸವಿರುವ ದಾಖಲೆ ಕೈಯಲ್ಲಿರಲಿ. ವೀಸಾ ಸ್ಟೇಟಸ್ ಕಳೆದುಕೊಂಡವರಿಗೆ ಮಾತ್ರ ಈ ವಿನಾಯಿತಿ ಅನ್ವಯಿಸುವುದೇ ಇಲ್ಲ. ಕೆಲಸ ಹೋಗಿ ಹೊಸದು ಸಿಗುವ ನಡುವಿನ ದಿನಗಳಲ್ಲಿರುವವರು ವಲಸೆ ವಕೀಲರನ್ನು ಕೇಳದೆ ಒಂದು ಹೆಜ್ಜೆಯೂ ಇಡಬೇಡಿ. ಇಷ್ಟು ತಲೆಬಿಸಿ ಬೇಡವೆಂದರೆ ಬಿಲ್ಲುಬೇಟೆ ಇದೆ. ಬಿಲ್ಲು ಈ ಕಾನೂನಿನ ಅರ್ಥದಲ್ಲಿ ಬಂದೂಕಲ್ಲ, ಸೆಪ್ಟೆಂಬರ್ ತಿಂಗಳು ಅದಕ್ಕೇ ಮೀಸಲಾದ ಋತುವೂ ಇದೆ.

ಪ್ರ: ಅರ್ಜಿಯಲ್ಲಿ ಕೇಳುವ ಹಂಟ್ ಕೋಡ್ ಅರ್ಥವಾಗುತ್ತಿಲ್ಲ. ಪಾಯಿಂಟ್ ಲೆಕ್ಕವನ್ನೂ ವಿವರಿಸಿ. (ಫೋರ್ಟ್ ಕಾಲಿನ್ಸ್)

ಉ: ನಿಮ್ಮ ಬೇಟೆ ಪೂರ್ತಿ ಆ ಕೋಡಿನಲ್ಲೇ ಅಡಗಿದೆ, ಒಂದೊಂದೇ ಅಕ್ಷರ ಬಿಡಿಸಿ ನೋಡೋಣ. ಡಿ-ಎಂ-012-ಓ2-ಆರ್ ಎಂದಿದೆ ಎನ್ನಿ. ಡಿ ಎಂದರೆ ಜಿಂಕೆ. ಎಂ ಎಂದರೆ ಗಂಡು. ಎಫ್ ಇದ್ದರೆ ಹೆಣ್ಣು, ಇ ಇದ್ದರೆ ಎರಡರಲ್ಲಿ ಯಾವುದಾದರೂ ಸರಿ. 012 ಎಂಬುದು ಯೂನಿಟ್ಟಿನ ಸಂಖ್ಯೆ. ಓ2 ಎಂದರೆ ಎರಡನೇ ಋತು. ಇಲ್ಲಿರುವುದು ‘ಓ’ ಅಕ್ಷರ, ಸೊನ್ನೆಯಲ್ಲ. ಕೊನೆಯ ಆರ್ ಎಂದರೆ ರೈಫಲ್. ಅಲ್ಲಿ ಎ ಇದ್ದರೆ ಬಿಲ್ಲು, ಎಂ ಇದ್ದರೆ ಮಝಲ್‌ಲೋಡರ್, ಅಂದರೆ ನಳಿಕೆಯ ಬಾಯಿಂದ ಮದ್ದು ತುಂಬುವ ಬಂದೂಕು. ಈ ಐದರಲ್ಲಿ ಒಂದನ್ನು ಮೀರಿದರೂ, ಉಳಿದ ನಾಲ್ಕು ಸರಿಯಿದ್ದರೂ, ನೀವು ಲೈಸೆನ್ಸ್ ಇಲ್ಲದೆ ಬೇಟೆಯಾಡಿದ ಹಾಗೆಯೇ. ಯೂನಿಟ್ಟಿನ ಗಡಿ ಒಂದು ಹೊಳೆಯೋ ಮಣ್ಣುರಸ್ತೆಯೋ ಆಗಿದ್ದರೆ, ಅದರ ಆಚೆ ದಡದ ಜಿಂಕೆ ನಿಮ್ಮದಲ್ಲ.

ಗಂಡು ಎಂಬುದಕ್ಕೂ ವ್ಯಾಖ್ಯೆ ಇದೆ: ಕೊಂಬು ಕನಿಷ್ಠ 5 ಇಂಚು ಇರಬೇಕು. ದೊಡ್ಡ ಕಿವಿಗಳ ನಡುವೆ ಎಳೆಯ ಗಂಡಿನ ಗಿಡ್ಡ ಕೊಂಬು ಕಾಣದೇ ಹೋಗುವುದರಿಂದ, ಹೆಣ್ಣಿನ ಲೈಸೆನ್ಸ್ ಇರುವವರು ತಲೆಯನ್ನು ಮುಂದಿನಿಂದ ಮತ್ತು ಪಕ್ಕದಿಂದ ಎರಡೂ ಕಡೆ ನೋಡದೆ ಗುಂಡು ಹಾರಿಸಬಾರದು. ವೈಟ್‌ಟೇಲ್ ಜಿಂಕೆಯೂ ಇರುವ ಕಡೆ ಕೊಂಬು ನೋಡಿ ಗುರುತು ಹಿಡಿಯಿರಿ. ಮ್ಯೂಲ್ ಡೀರ್ ಕೊಂಬು ಎರಡಾಗಿ ಕವಲೊಡೆದು, ಆ ಕವಲು ಮತ್ತೆ ಕವಲೊಡೆಯುತ್ತದೆ. ವೈಟ್‌ಟೇಲ್‌ನದು ಒಂದೇ ಬಾಗಿದ ದಂಡ, ಅದರ ಮೇಲೆ ಸಾಲಾಗಿ ಮೊನೆಗಳು. ಓಟ ನೋಡಿದರೂ ತಿಳಿಯುತ್ತದೆ. ಹೆದರಿದ ಮ್ಯೂಲ್ ಡೀರ್ ನಾಲ್ಕೂ ಕಾಲು ಒಟ್ಟಿಗೆ ಎತ್ತಿ ಚೆಂಡು ಪುಟಿದಂತೆ ಪುಟಿಯುತ್ತದೆ.

ಇನ್ನು ಪಾಯಿಂಟ್, ಅಂದರೆ ಡ್ರಾದಲ್ಲಿ ನಿಮಗೆ ಆದ್ಯತೆ ತರುವ ಅಂಕ. ಅರ್ಜಿಯಲ್ಲಿ ನಾಲ್ಕು ಆಯ್ಕೆ ಕೊಡಬಹುದು. ಪಾಯಿಂಟ್ ಲೆಕ್ಕಕ್ಕೆ ಬರುವುದು ಮೊದಲನೆಯದಕ್ಕೆ ಮಾತ್ರ. ಮೊದಲ ಆಯ್ಕೆ ಸಿಕ್ಕರೆ ಕೂಡಿಟ್ಟ ಪಾಯಿಂಟೆಲ್ಲ ಸೊನ್ನೆಯಾಗುತ್ತದೆ, ಸಿಗದಿದ್ದರೆ ಒಂದು ಪಾಯಿಂಟ್ ಸೇರುತ್ತದೆ. ಎರಡು, ಮೂರು, ನಾಲ್ಕನೇ ಆಯ್ಕೆಯಲ್ಲಿ ಸಿಕ್ಕರೆ ಪಾಯಿಂಟ್ ಖರ್ಚಾಗುವುದಿಲ್ಲ. ಹೊಸಬರಿಗೆ ದಾರಿ ಇರುವುದು ಇಲ್ಲಿಯೇ. ಮೊದಲ ಆಯ್ಕೆಯ ಜಾಗದಲ್ಲಿ ಪಾಯಿಂಟಿಗೆಂದೇ ಇರುವ ಕೋಡ್ (ಡಿ-ಪಿ-999-99-ಪಿ) ಬರೆಯಿರಿ. ಎರಡನೆಯದರಲ್ಲಿ ಬೇಡಿಕೆ ಕಡಿಮೆ ಇರುವ ಯೂನಿಟ್ ಹಾಕಿ. ಪಾಯಿಂಟೂ ಬಂತು, ಆ ವರ್ಷದ ಬೇಟೆಯೂ ಆಯಿತು. ಯಾವ ಕೋಡ್ ಎರಡನೇ ಆಯ್ಕೆಗೂ ಉಳಿದಿತ್ತು ಎಂಬುದು ಇಲಾಖೆ ಪ್ರತಿ ವರ್ಷ ಹೊರಡಿಸುವ ಡ್ರಾ ವರದಿಯಲ್ಲಿ ಸಿಗುತ್ತದೆ. ಒಂದೇ ವರ್ಷದ್ದು ನೋಡಿ ನಂಬಬೇಡಿ, ಮೂರು ವರ್ಷದ್ದನ್ನು ಪಕ್ಕಪಕ್ಕ ಇಟ್ಟು ನೋಡಿ.

ಪಾಯಿಂಟ್ ಕೂಡಿಡುತ್ತಾ ಕೂತರೆ ಒಳ್ಳೆಯ ಯೂನಿಟ್ ಸಿಕ್ಕೇಸಿಗುತ್ತದೆ ಎಂಬ ಲೆಕ್ಕ ತಪ್ಪಲು ಕಾರಣವಿದೆ. ಒಂದು ಕೋಡಿಗೆ 20 ಲೈಸೆನ್ಸ್, ಈ ವರ್ಷ 8 ಪಾಯಿಂಟ್ ಇರುವವರು 60 ಜನ ಎಂದಿಟ್ಟುಕೊಳ್ಳಿ. 20 ಜನಕ್ಕೆ ಸಿಕ್ಕಿತು, ಉಳಿದ 40 ಜನ ಮುಂದಿನ ವರ್ಷ 9 ಪಾಯಿಂಟಿನವರಾಗಿ ನಿಮ್ಮ ಮುಂದೆಯೇ ನಿಂತಿರುತ್ತಾರೆ. ನಿಮ್ಮ ಪಾಯಿಂಟ್ ಏರಿದ ಹಾಗೆ ಗುರಿಯೂ ಏರುತ್ತದೆ. ಮೂರು ಪಾಯಿಂಟಿನಲ್ಲಿ ಸಿಗುವ ಸಾಧಾರಣ ಯೂನಿಟ್ಟಿಗೆ ಹೋಗಿ ಜಿಂಕೆಯನ್ನು ಓದಲು ಕಲಿಯುವುದು, ಹದಿನೈದು ವರ್ಷ ಕಾದು ಏನೂ ಗೊತ್ತಿಲ್ಲದೆ ಪ್ರಸಿದ್ಧ ಯೂನಿಟ್ಟಿನಲ್ಲಿ ನಿಲ್ಲುವುದಕ್ಕಿಂತ ಎಷ್ಟೋ ವಾಸಿ.

ಗೆಳೆಯರು ಗುಂಪಾಗಿ ಅರ್ಜಿ ಹಾಕಿದರೆ, ಗುಂಪಿನಲ್ಲಿ ಯಾರ ಪಾಯಿಂಟ್ ಕಡಿಮೆಯೋ ಅದೇ ಎಲ್ಲರ ಪಾಯಿಂಟ್. ಆರು ಪಾಯಿಂಟಿನವರು ಸೊನ್ನೆಯವರನ್ನು ಜೊತೆಗೆ ಸೇರಿಸಿಕೊಂಡರೆ ಗುಂಪು ಸೊನ್ನೆ. ವಯೋಮಿಂಗ್‌ನಲ್ಲಿ ಸರಾಸರಿ ತೆಗೆಯುತ್ತಾರೆ. ನೆವಾಡಾದಲ್ಲಿ ಪಾಯಿಂಟನ್ನು ವರ್ಗ ಮಾಡುತ್ತಾರೆ, 5 ಇದ್ದರೆ 25ರ ಬಲ. ಹಾಗಿದ್ದೂ ಅದು ಲಾಟರಿಯೇ, ಖಾತ್ರಿಯಲ್ಲ. ಆರಿಜೋನಾ ಒಂದಷ್ಟು ಪಾಲನ್ನು, 20 ಪ್ರತಿಶತದಷ್ಟು, ಅತಿ ಹೆಚ್ಚು ಪಾಯಿಂಟಿನವರಿಗೆ ಎತ್ತಿಡುತ್ತದೆ. ನ್ಯೂ ಮೆಕ್ಸಿಕೊದಲ್ಲಿ ಪಾಯಿಂಟೇ ಇಲ್ಲ. ಮೊದಲ ಸಲ ಹಾಕಿದವರಿಗೂ ಇಪ್ಪತ್ತನೇ ಸಲ ಹಾಕಿದವರಿಗೂ ಒಂದೇ ಅವಕಾಶ. ಆದರೆ ಅಲ್ಲಿ 84 ಪ್ರತಿಶತ ರೆಸಿಡೆಂಟರಿಗೆ, 10 ಪ್ರತಿಶತ ಔಟ್‌ಫಿಟರ್ (ಬೇಟೆಯ ಏರ್ಪಾಡು ಮಾಡಿಕೊಡುವವರು) ಮೂಲಕ ಹೋಗುವವರಿಗೆ, ಮಿಕ್ಕ 6 ಪ್ರತಿಶತ ಮಾತ್ರ ಹೊರರಾಜ್ಯದವರಿಗೆ.

ಪ್ರ: ವಯೋಮಿಂಗ್ ಲೈಸೆನ್ಸ್ ಸಿಕ್ಕಿದೆ. ವೈಲ್ಡರ್‌ನೆಸ್ ಪ್ರದೇಶದಲ್ಲಿ ಒಬ್ಬನೇ ಹೋಗಬಹುದೇ? (ಒಮಾಹಾ)

ಉ: ಚಾರಣಕ್ಕೆ ಹೋಗಬಹುದು, ಬೇಟೆಗೆ ಹೋಗುವಂತಿಲ್ಲ. ಫೆಡರಲ್ ಸರ್ಕಾರ ವೈಲ್ಡರ್‌ನೆಸ್ ಎಂದು ಘೋಷಿಸಿದ ಪ್ರದೇಶದಲ್ಲಿ ಹೊರರಾಜ್ಯದವರು ಜಿಂಕೆ ಬೇಟೆಯಾಡಲು ಲೈಸೆನ್ಸ್ ಇರುವ ಗೈಡ್, ಇಲ್ಲವೇ ವಯೋಮಿಂಗ್ ನಿವಾಸಿಯೊಬ್ಬರು ಜೊತೆಗಿರಬೇಕು. ನಿವಾಸಿಯಾದವರು ಇದಕ್ಕೆ ಇಲಾಖೆಯಿಂದ ಉಚಿತ ಪರವಾನಗಿ ಪಡೆಯಬೇಕು, ನಿಮ್ಮಿಂದ ದುಡ್ಡು ಪಡೆಯಬಾರದು. ಹೊರಡುವ ಮುಂಚೆ ನಕ್ಷೆಯಲ್ಲಿ ಆ ಗಡಿಗಳನ್ನು ಗುರುತು ಮಾಡಿಕೊಳ್ಳಿ, ನ್ಯಾಷನಲ್ ಫಾರೆಸ್ಟ್‌ನ ಉಳಿದ ಭಾಗ ನಿಮಗೆ ತೆರೆದಿದೆ.

ಪ್ರ: ನಕ್ಷೆಯಲ್ಲಿ ಸಾರ್ವಜನಿಕ ಜಮೀನು ಧಾರಾಳವಾಗಿ ಕಾಣುತ್ತದೆ, ಹೋಗಿ ನೋಡಿದರೆ ದಾರಿಯೇ ಇಲ್ಲ. ಮೂಲೆಯಿಂದ ಮೂಲೆಗೆ ದಾಟಬಹುದೇ? (ಷೈಯೆನ್)

ಉ: 1862ರ ರೈಲ್ವೆ ಕಾಯ್ದೆಯ ಕಾಲದಲ್ಲಿ ಹಳಿಯ ಎರಡೂ ಬದಿ ಒಂದು ಬಿಟ್ಟು ಒಂದು ಚದರ ಮೈಲಿಯನ್ನು ಕಂಪನಿಗೆ ಕೊಟ್ಟರು, ಉಳಿದದ್ದು ಸರ್ಕಾರದ್ದಾಗಿಯೇ ಉಳಿಯಿತು. ಚದುರಂಗದ ಹಾಸಿನ ಹಾಗೆ ಕಾಣುವುದು ಅದಕ್ಕೇ. ಎರಡು ಸರ್ಕಾರಿ ಚೌಕಗಳು ಒಂದು ಚುಕ್ಕಿಯಲ್ಲಿ ಮಾತ್ರ ಕೂಡುತ್ತವೆ. 2021ರಲ್ಲಿ ವಯೋಮಿಂಗ್‌ನ ಎಲ್ಕ್ ಮೌಂಟನ್‌ನಲ್ಲಿ ಬೇಟೆಗಾರರು ಖಾಸಗಿ ಮಣ್ಣನ್ನು ಮೆಟ್ಟದೆ ಏಣಿ ಇಟ್ಟು ಆ ಚುಕ್ಕಿಯನ್ನು ದಾಟಿದ್ದು ಮೊಕದ್ದಮೆಯಾಯಿತು. 2025ರ ಮಾರ್ಚ್‌ನಲ್ಲಿ 10ನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ಬೇಟೆಗಾರರ ಪರ ತೀರ್ಪು ಕೊಟ್ಟಿತು. ಆ ನ್ಯಾಯಾಲಯದ ವ್ಯಾಪ್ತಿಗೆ ವಯೋಮಿಂಗ್, ಕೊಲರಾಡೊ, ಯೂಟಾ, ನ್ಯೂ ಮೆಕ್ಸಿಕೊ ಬರುತ್ತವೆ. ಮೊಂಟಾನಾ, ಐಡಾಹೊ, ನೆವಾಡಾ, ಆರಿಜೋನಾ ಬರುವುದಿಲ್ಲ. ಅಲ್ಲಿ ಇದೇ ತೀರ್ಪನ್ನು ನಂಬಿ ದಾಟಬೇಡಿ.

ದಾಟಬಹುದಾದ ಕಡೆಯೂ ಮೂಲೆ ಎಲ್ಲಿದೆ ಎಂಬುದು ಖಚಿತವಾಗಿರಬೇಕು. ಫೋನಿನ ಜಿಪಿಎಸ್ ಹಲವು ಅಡಿ ಆಚೀಚೆ ತೋರಿಸುತ್ತದೆ. ನೆಲದಲ್ಲಿ ಹೂತ ಸರ್ವೆ ಗುರುತು ಕಣ್ಣಿಗೆ ಕಂಡರೆ ದಾಟಿ, ಕಾಣದಿದ್ದರೆ ಬೇಡ.

ಕೊಲರಾಡೊದಲ್ಲಿ ಇನ್ನೆರಡು ಕಡೆ ಜನ ಸಿಕ್ಕಿಬೀಳುತ್ತಾರೆ. ಖಾಸಗಿ ಜಮೀನಿಗೆ ಫಲಕ, ಬೇಲಿ ಇಲ್ಲದಿದ್ದರೂ ಒಪ್ಪಿಗೆ ಬೇಕೇಬೇಕು. ನಕ್ಷೆಯಲ್ಲಿ ನೀಲಿ ಬಣ್ಣದಲ್ಲಿ ಕಾಣುವ ಸ್ಟೇಟ್ ಟ್ರಸ್ಟ್ ಜಮೀನು, ಹೆಸರಿನಲ್ಲಿ ರಾಜ್ಯ ಎಂದಿದ್ದರೂ, ಎಲ್ಲವೂ ಬೇಟೆಗೆ ತೆರೆದಿಲ್ಲ. ವನ್ಯಜೀವಿ ಇಲಾಖೆ ಗುತ್ತಿಗೆಗೆ ಪಡೆದ ತುಂಡುಗಳು ಮಾತ್ರ ತೆರೆದಿವೆ, ಅವುಗಳ ಪಟ್ಟಿ ಪ್ರತಿ ವರ್ಷ ಬರುತ್ತದೆ. ಫಾರೆಸ್ಟ್ ಸರ್ವಿಸ್ ಉಚಿತವಾಗಿ ಕೊಡುವ ಮೋಟಾರು ವಾಹನಗಳ ನಕ್ಷೆಯನ್ನೂ ಜೊತೆಗಿಟ್ಟುಕೊಳ್ಳಿ. ಅದರಲ್ಲಿ ಇಲ್ಲದ ರಸ್ತೆ, ಚಕ್ರದ ಗುರುತು ಎಷ್ಟೇ ಸ್ಪಷ್ಟವಾಗಿದ್ದರೂ, ನಿಮ್ಮ ಗಾಡಿಗೆ ರಸ್ತೆಯಲ್ಲ.

ಪ್ರ: ಹೋದ ವರ್ಷ ಐದು ದಿನ ನಡೆದು ಸುಸ್ತಾದೆ, ಒಂದು ಗಂಡು ಜಿಂಕೆಯೂ ಕಾಣಲಿಲ್ಲ. ಎಲ್ಲಿ ಹುಡುಕಬೇಕು? (ಗ್ರಾಂಡ್ ಜಂಕ್ಷನ್)

ಉ: ನಡೆದದ್ದೇ ತಪ್ಪಾಗಿರಬಹುದು. ಮ್ಯೂಲ್ ಡೀರ್ ಬೇಟೆಯಲ್ಲಿ ಕಾಲಿಗಿಂತ ಕಣ್ಣಿಗೆ ಕೆಲಸ ಹೆಚ್ಚು.

ಮೊದಲು ಋತುವಿಗೆ ತಕ್ಕ ಎತ್ತರ ನೋಡಿ. ಆಗಸ್ಟ್ ಕೊನೆಗೆ, ಕೊಂಬಿನ ಮೇಲೆ ಇನ್ನೂ ಮಖಮಲ್ಲಿನ ಸಿಪ್ಪೆ ಇರುವಾಗ, ಗಂಡುಗಳು 11,000 ಅಡಿ ಎತ್ತರದ, ಬೋಗುಣಿಯಂಥ ಬಯಲು ತಗ್ಗುಗಳಲ್ಲಿ ಗುಂಪಾಗಿ ಮೇಯುತ್ತಿರುತ್ತವೆ. ಸಿಪ್ಪೆ ಉದುರಿದ ಮೇಲೆ ಗುಂಪು ಒಡೆದು ಮರಗಳ ನೆರಳಿಗೆ ಸರಿಯುತ್ತವೆ. ಅಕ್ಟೋಬರ್ ಕೊನೆಯ ಎರಡನೇ ರೈಫಲ್ ಋತು ಈ ನಡುಗಾಲದಲ್ಲೇ ಬೀಳುತ್ತದೆ, ಹುಡುಕುವುದು ಕಷ್ಟ. ಬೇಸಗೆಯಲ್ಲಿ ಫೋಟೊ ತೆಗೆದ ಬೋಗುಣಿಯಲ್ಲೇ ಅಕ್ಟೋಬರ್‌ನಲ್ಲೂ ಕಾಯುವವರು ಬರಿಗೈಯಲ್ಲಿ ಇಳಿಯುತ್ತಾರೆ. ಹಿಮ ದಪ್ಪವಾಗಿ ಬಿದ್ದಾಗ ಜಿಂಕೆಗಳು ಸೇಜ್‌ಬ್ರಷ್, ಪಿನ್ಯನ್, ಜುನಿಪರ್ ಇರುವ ತಗ್ಗಿಗೆ ಇಳಿಯುತ್ತವೆ. ಈ ವಲಸೆಯ ದಾರಿಯನ್ನು ಮರಿಗಳು ತಾಯಿಯ ಹಿಂದೆ ನಡೆದೇ ಕಲಿಯುತ್ತವೆ. ವಯೋಮಿಂಗ್‌ನ ರೆಡ್ ಡೆಸರ್ಟ್‌ನಿಂದ ಹೋಬ್ಯಾಕ್‌ವರೆಗೆ ಸುಮಾರು 150 ಮೈಲಿ ನಡೆಯುವ ಹಿಂಡು ಇದೆ. ನವೆಂಬರ್ ನಡುವಿನಿಂದ ಬೆದೆಗಾಲ. ಆಗ ಗಂಡು ಎಚ್ಚರ ಬಿಟ್ಟು ಹಗಲಲ್ಲೂ ಹೆಣ್ಣಿನ ಹಿಂದೆ ಓಡಾಡುತ್ತದೆ. ನಾಲ್ಕನೇ ಋತುವಿನ ಲೈಸೆನ್ಸಿಗೆ ಅಷ್ಟು ಪಾಯಿಂಟ್ ಬೇಕಾಗುವುದು ಅದಕ್ಕೇ.

ಜಿಂಕೆಯ ಮೇವು ಹುಲ್ಲಲ್ಲ, ಪೊದೆಯ ಚಿಗುರು. ಬಿಟರ್‌ಬ್ರಷ್, ಮೌಂಟನ್ ಮಹಾಗನಿ, ಸರ್ವಿಸ್‌ಬೆರಿ ಗಿಡಗಳನ್ನು ಗುರುತಿಸಲು ಕಲಿಯಿರಿ. ಕೆಲವು ವರ್ಷದ ಹಿಂದೆ ಕಾಡ್ಗಿಚ್ಚು ಬಿದ್ದು ಈಗ ಪೊದೆ ಎದ್ದಿರುವ ಇಳಿಜಾರು, ಅದರ ಪಕ್ಕದಲ್ಲೇ ಉತ್ತರಕ್ಕೆ ಮುಖ ಮಾಡಿದ ದಟ್ಟ ಮರಗಳು, ನಡುವೆ ನೀರು ಇದ್ದರೆ ಅಲ್ಲಿಂದ ಶುರುಮಾಡಿ.

ಬೆಳಕು ಹರಿಯುವ ಮುಂಚೆಯೇ ಎದುರು ಗುಡ್ಡ ಕಾಣುವ ಏಣಿನ ಮೇಲೆ ಕುಳಿತಿರಬೇಕು. ತುತ್ತತುದಿಯಲ್ಲಿ ಕೂತರೆ ಆಕಾಶಕ್ಕೆ ನಿಮ್ಮ ಆಕಾರ ಎದ್ದು ಕಾಣುತ್ತದೆ, ನಾಲ್ಕು ಮಾರು ಕೆಳಗೆ, ಬೆನ್ನಿಗೆ ಬಂಡೆ ಇರುವ ಕಡೆ ಕೂತುಕೊಳ್ಳಿ. 10x42 ಬೈನಾಕ್ಯುಲರನ್ನು ಕೈಯಲ್ಲಿ ಹಿಡಿದು ನೋಡುವುದಕ್ಕೂ ಟ್ರೈಪಾಡ್ ಮೇಲಿಟ್ಟು ನೋಡುವುದಕ್ಕೂ ಅಜಗಜಾಂತರ. ಕೈ ನಡುಗುವಾಗ ಕಣ್ಣು ಚಲನೆಯನ್ನು ಹಿಡಿಯುವುದಿಲ್ಲ. ಗುಡ್ಡವನ್ನು ಮನಸ್ಸಿನಲ್ಲೇ ಅಡ್ಡ ಪಟ್ಟಿಗಳಾಗಿ ಸೀಳಿ, ಒಂದೊಂದು ಪಟ್ಟಿಯನ್ನೂ ನಿಧಾನವಾಗಿ ಮುಗಿಸಿ. ಇಡೀ ಜಿಂಕೆಯನ್ನು ಹುಡುಕಬೇಡಿ. ಗಿಡಗಳೆಲ್ಲ ನೆಟ್ಟಗೆ ನಿಂತಿರುವ ಕಡೆ ಅಡ್ಡವಾಗಿ ಮಲಗಿದ ಒಂದು ಗೆರೆ ಅದರ ಬೆನ್ನಾಗಿರುತ್ತದೆ. ಜುನಿಪರ್ ಬುಡದ ನೆರಳಲ್ಲಿ ನೊಣ ಓಡಿಸಲು ಒಮ್ಮೆ ಅಲುಗಿದ ಕಿವಿ, ಬಿಸಿಲು ತಾಗಿ ಮಿಂಚಿದ ಕೊಂಬಿನ ತುದಿ, ಇಷ್ಟೇ ಸಿಗುವುದು. ಬೆಳಗಿನ ಹತ್ತು, ಹನ್ನೊಂದರ ಹೊತ್ತಿಗೆ ನೆರಳು ಸರಿದಾಗ ಮಲಗಿದ್ದ ಗಂಡು ಎದ್ದು, ಮೈ ಮುರಿದು, ಒಂದೆರಡು ಚಿಗುರು ಕಚ್ಚಿ, ನಾಲ್ಕು ಹೆಜ್ಜೆ ಆಚೆ ಮತ್ತೆ ಮಲಗುತ್ತದೆ. ಎರಡೇ ನಿಮಿಷದ ಕೆಲಸ. ಎಂಟೂವರೆಗೆ ಎದ್ದು ಹೊರಟವರಿಗೆ ಅದು ತಪ್ಪಿಹೋಗುತ್ತದೆ.

ಕಂಡ ಕೂಡಲೇ ಓಡಬೇಡಿ. ಇಲ್ಲಿಂದ ಕಾಣುವ ಬಂಡೆ, ಒಣಮರ ಅಲ್ಲಿಗೆ ಹೋದಾಗ ಬೇರೆಯೇ ಆಗಿ ಕಾಣುತ್ತವೆ. ಫೋನಿನಲ್ಲಿ ಫೋಟೊ ತೆಗೆದು ಮಲಗಿದ ಜಾಗಕ್ಕೆ ಗುರುತು ಹಾಕಿಕೊಳ್ಳಿ. ಆಮೇಲೆ ಗಾಳಿ. ಬಿಸಿಲೇರಿದ ಮೇಲೆ ಗಾಳಿ ಇಳಿಜಾರಿನಲ್ಲಿ ಮೇಲಕ್ಕೆ ಹತ್ತುತ್ತದೆ, ಸಂಜೆ ತಂಪಾದ ಮೇಲೆ ಕೆಳಗೆ ಇಳಿಯುತ್ತದೆ. ಮಲಗಿದ ಜಿಂಕೆ ಕಣ್ಣಿನಿಂದ ಕೆಳಗನ್ನು ಕಾಯುತ್ತಿರುತ್ತದೆ. ಆದ್ದರಿಂದ ನಡುಹಗಲಲ್ಲಿ ಸುತ್ತುಬಳಸಿ ಮೇಲಿನಿಂದ ಇಳಿಯುವುದು ಸರಿಯಾದ ದಾರಿ. ಬೆಳಗಿನ ಜಾವ ಗಾಳಿ ತಿರುಗುವ ಮುಂಚೆ ಮೇಲಿನಿಂದ ಹೋದರೆ ನಿಮ್ಮ ಮೈವಾಸನೆ ನಿಮಗಿಂತ ಮೊದಲು ಅಲ್ಲಿಗೆ ತಲುಪುತ್ತದೆ. ಪುಡಿ ತುಂಬಿದ ಸಣ್ಣ ಬಾಟಲಿಯನ್ನು ಆಗಾಗ ಹಿಚುಕಿ ಗಾಳಿಯ ದಿಕ್ಕು ನೋಡುತ್ತಿರಿ.

ಪ್ರ: ರೈಫಲ್ ಮತ್ತು ಉಡುಪಿನ ನಿಯಮವೇನು? (ಆರೋರಾ)

ಉ: ಸೊಂಟದ ಮೇಲ್ಭಾಗದಲ್ಲಿ ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣ ಕನಿಷ್ಠ 500 ಚದರ ಇಂಚು, ಜೊತೆಗೆ ಎಲ್ಲ ದಿಕ್ಕಿನಿಂದಲೂ ಕಾಣುವ ಅದೇ ಬಣ್ಣದ ಟೋಪಿ. ಬೆನ್ನಿಗೆ ಚೀಲ ಹಾಕಿದಾಗ ಅಂಗಿ ಮುಚ್ಚಿಹೋಗುತ್ತದೆ, ಚೀಲದ ಮೇಲೂ ಬಟ್ಟೆ ಹೊದಿಸಿ. ರೈಫಲ್ ಕನಿಷ್ಠ .24 ಕ್ಯಾಲಿಬರ್, ನಳಿಕೆ ಕನಿಷ್ಠ 16 ಇಂಚು, ಜಿಂಕೆಗೆ ಗುಂಡಿನ ತೂಕ ಕನಿಷ್ಠ 70 ಗ್ರೇನ್. ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿನಿಂದ ಸೂರ್ಯಾಸ್ತದ ಅರ್ಧ ಗಂಟೆ ನಂತರದವರೆಗೆ ಮಾತ್ರ ಗುಂಡು ಹಾರಿಸಬಹುದು. ಸಾರ್ವಜನಿಕ ರಸ್ತೆಯ ನಡುಗೆರೆಯಿಂದ 50 ಅಡಿ ಆಚೆ ಹೋಗಿರಬೇಕು, ರಸ್ತೆಯ ಮೇಲಿಂದ ಅಡ್ಡಲಾಗಿ ಹಾರಿಸುವಂತಿಲ್ಲ. ಡ್ರೋನ್ ಹಾರಿಸಿ ಜಿಂಕೆ ಹುಡುಕುವುದು ನಿಷಿದ್ಧ.

ವಿಮಾನದಲ್ಲಿ ಒಯ್ಯುವುದಾದರೆ ರೈಫಲ್ ಖಾಲಿ ಮಾಡಿ, ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿಟ್ಟು, ಕೌಂಟರಿನಲ್ಲಿ ಘೋಷಿಸಿ ಚೆಕ್-ಇನ್ ಮಾಡಬೇಕು. ಇಳಿದ ಮೇಲೆ ಗುರಿಯನ್ನು ಮತ್ತೊಮ್ಮೆ ಪರೀಕ್ಷಿಸದೆ ಬೆಟ್ಟ ಹತ್ತಬೇಡಿ. ಪೆಟ್ಟಿಗೆ ಬಿದ್ದ ಏಟಿಗೆ ರೈಫಲ್ ಮೇಲಿನ ದುರ್ಬೀನು ಕೂದಲೆಳೆಯಷ್ಟು ಅಲುಗಿದ್ದರೂ 200 ಗಜದಲ್ಲಿ ಗುಂಡು ಶ್ವಾಸಕೋಶದ ಬದಲು ಹೊಟ್ಟೆಗೆ ಬೀಳುತ್ತದೆ. ಪ್ರಾಣಿ ಗಂಟೆಗಟ್ಟಲೆ ನರಳುತ್ತದೆ.

ಪ್ರ: ಜಿಂಕೆ ಬಿದ್ದ ಮೇಲೆ ಮೊದಲು ಏನು ಮಾಡಬೇಕು? ಮಾಂಸ ಕೆಡದಂತೆ ತರುವುದು ಹೇಗೆ? (ಬೋಲ್ಡರ್)

ಉ: ಗುಂಡು ತಗುಲಿದ ಜಾಗವನ್ನು ಕಣ್ಣಲ್ಲಿಟ್ಟುಕೊಂಡು ಅರ್ಧ ಗಂಟೆ ಕೂತಲ್ಲೇ ಕೂತಿರಿ. ಗಾಯಗೊಂಡ ಜಿಂಕೆಯನ್ನು ಕೂಡಲೇ ಅಟ್ಟಿದರೆ ಮೈಲಿಗಟ್ಟಲೆ ಹೋಗುತ್ತದೆ, ಬಿಟ್ಟರೆ ಹತ್ತಿರದಲ್ಲೇ ಮಲಗುತ್ತದೆ. ಹಿಂದಿನಿಂದ ಹೋಗಿ ಕೋಲಿನ ತುದಿಯಿಂದ ಕಣ್ಣುಗುಡ್ಡೆ ಮುಟ್ಟಿ ನೋಡಿ, ರೆಪ್ಪೆ ಅಲುಗದಿದ್ದರೆ ಪ್ರಾಣ ಹೋಗಿದೆ.

ಚಾಕು ತೆಗೆಯುವ ಮುಂಚೆ ಪೆನ್ನು ತೆಗೆಯಿರಿ. ಟ್ಯಾಗಿಗೆ, ಅಂದರೆ ಹೊಡೆದ ಜಿಂಕೆಗೆ ಕಟ್ಟುವ ಚೀಟಿಗೆ, ಸಹಿ, ದಿನಾಂಕ ಹಾಕಿ ಲೈಸೆನ್ಸಿನಿಂದ ಬಿಡಿಸಬೇಕು. ಅನುಕೂಲಕ್ಕೆಂದು ಮನೆಯಲ್ಲೇ ಸಹಿ ಹಾಕಿ, ಬಿಡಿಸಿಟ್ಟುಕೊಂಡು ಬರುವವರಿದ್ದಾರೆ. ಅಂಥ ಟ್ಯಾಗ್ ಅಸಿಂಧು. ಚಳಿಗೆ ಜೆಲ್ ಪೆನ್ನು ಬರೆಯುವುದಿಲ್ಲ, ಬಾಲ್ ಪೆನ್ನು ಒಳಜೇಬಿನಲ್ಲಿ ಮೈಗೆ ತಾಗುವಂತೆ ಇರಲಿ. ಸಾಗಿಸುವಾಗ ಟ್ಯಾಗನ್ನು ಮಾಂಸದ ದೊಡ್ಡ ಭಾಗಕ್ಕೆ ಕಟ್ಟಿ.

ಮಾಂಸ ಕೆಡುವುದು ಬಿಸಿಯಿಂದ. ತೊಗಲು ದಪ್ಪ ಕಂಬಳಿಯ ಹಾಗೆ ಒಳಗಿನ ಶಾಖವನ್ನು ಹಿಡಿದಿಡುತ್ತದೆ. ಹೊರಗೆ ಹಿಮ ಇದ್ದರೂ, ಹಿಂಗಾಲಿನ ಮೇಲ್ಕೀಲಿನ ಸುತ್ತಲಿನ ಮಾಂಸ ಬೆಳಗಾಗುವುದರೊಳಗೆ ಹುಳಿ ವಾಸನೆ ಹೊಡೆಯಬಹುದು. ದೂರದ ಬೆಟ್ಟದಲ್ಲಿ ಕರುಳು ತೆಗೆಯದೆಯೇ ಕೊಯ್ಯುವ ವಿಧಾನ ಒಳ್ಳೆಯದು. ಜಿಂಕೆಯನ್ನು ಮಗ್ಗುಲಿಗೆ ಮಲಗಿಸಿ, ಕುತ್ತಿಗೆಯಿಂದ ಬಾಲದವರೆಗೆ ಬೆನ್ನಿನ ಮೇಲೆ ತೊಗಲು ಸೀಳಿ ಹೊಟ್ಟೆಯ ಕಡೆಗೆ ಸುಲಿಯಿರಿ. ಆ ತೊಗಲೇ ಹಾಸಾಯಿತು, ಮಾಂಸಕ್ಕೆ ಮಣ್ಣು ತಾಗುವುದಿಲ್ಲ. ಮುಂಗಾಲಿಗೆ ಮೈಯೊಡನೆ ಮೂಳೆಯ ಕೀಲೇ ಇಲ್ಲ. ಕಾಲನ್ನು ಎತ್ತಿ ಹಿಡಿದು, ಹೆಗಲ ಎಲುಬಿಗೂ ಪಕ್ಕೆಗೂ ನಡುವೆ ಚಾಕು ಆಡಿಸಿದರೆ ಕಳಚಿಕೊಳ್ಳುತ್ತದೆ. ಹಿಂಗಾಲಿಗೆ ಗುಂಡಗಿನ ಕೀಲು ಸಿಗುವವರೆಗೆ ಮೂಳೆಯ ಗುಂಟ ಕೊಯ್ಯಿರಿ. ಬೆನ್ನುಮೂಳೆಯ ಪಕ್ಕದ ಉದ್ದನೆಯ ಮಾಂಸ, ಕುತ್ತಿಗೆಯ ಮಾಂಸ ಬಿಡಿಸಿಕೊಂಡು ಮಗ್ಗುಲು ಬದಲಿಸಿ. ಒಳಗಿನ ಮೃದು ಮಾಂಸವನ್ನು ಕೊನೆಯ ಪಕ್ಕೆಲುಬಿನ ಹಿಂದೆ ಕೈ ಹಾಕಿ, ಹೊಟ್ಟೆಯ ಚೀಲವನ್ನು ಅತ್ತ ಒತ್ತಿ ತೆಗೆಯಬೇಕು. ಇಲ್ಲಿ ಅವಸರ ಮಾಡಿ ಚಾಕುವಿನ ತುದಿ ಚೀಲಕ್ಕೆ ತಾಗಿದರೆ ಅತ್ಯುತ್ತಮ ತುಂಡೇ ಹಾಳಾಗುತ್ತದೆ. ಹಿಂಗಾಲಿನ ಮೊಣಕೀಲಿನ ಒಳಬದಿಯ ಕಪ್ಪು ಗ್ರಂಥಿಯನ್ನು ಮುಟ್ಟಿದ ಕೈಯಲ್ಲಿ ಮಾಂಸ ಮುಟ್ಟಬೇಡಿ, ಆ ನಾತ ಹೋಗುವುದಿಲ್ಲ.

ಲಿಂಗದ ಗುರುತು ಸಹಜವಾಗಿ ಅಂಟಿಕೊಂಡೇ ಇರಬೇಕು ಎಂಬುದು ನಿಯಮ. ಗಂಡಾದರೆ ಒಂದು ವೃಷಣವನ್ನು ಒಂದು ಹಿಂತೊಡೆಗೆ ಅಂಟಿದಂತೆಯೇ ಬಿಡಿ. ಬೇರೆ ಚೀಲದಲ್ಲಿ ತಲೆ ತಂದು ತೋರಿಸಿದರೆ ಅಧಿಕಾರಿ ಒಪ್ಪುವುದಿಲ್ಲ. ನಾಲ್ಕೂ ಕಾಲು, ಬೆನ್ನಿನ ಮಾಂಸ, ಒಳಮಾಂಸ ಇವನ್ನು ಕಾಡಲ್ಲೇ ಬಿಟ್ಟು ಕೊಂಬಷ್ಟೇ ಹೊತ್ತು ತಂದರೆ ಅದೂ ಅಪರಾಧ, ಅದು ಅಪರಾಧವಾಗಿರುವುದೇ ಸರಿ.

90 ಕಿಲೊ ತೂಗುವ ಗಂಡಿನಿಂದ ಮೂಳೆ ತೆಗೆದ ಮಾಂಸ 30ರಿಂದ 35 ಕಿಲೊ ಬರುತ್ತದೆ. ಒಬ್ಬರಿಗೆ ಎರಡು ಸಲದ ಹೊರೆ. ಗಾಡಿಯಿಂದ ಐದು ಮೈಲಿ ದೂರದಲ್ಲಿ ಹೊಡೆದರೆ ಒಟ್ಟು ಹದಿನೈದು ಮೈಲಿ ನಡಿಗೆ, ಅದರಲ್ಲಿ ಹತ್ತು ಮೈಲಿ ಹೊರೆ ಹೊತ್ತು. ಗುಂಡು ಹಾರಿಸುವ ಮುಂಚೆಯೇ ಈ ಲೆಕ್ಕ ಹಾಕಬೇಕು. ಗಾಳಿಯಾಡುವ ಬಟ್ಟೆ ಚೀಲಗಳಲ್ಲಿ ತುಂಬಿ ನೆರಳಿನ ಕೊಂಬೆಗೆ ನೇತುಹಾಕಿ. ಪ್ಲಾಸ್ಟಿಕ್ ಚೀಲ ಬೇಡವೇ ಬೇಡ, ಒಳಗೇ ಬೆವರಿ ಕೊಳೆಯುತ್ತದೆ. ಗಾಡಿ ಸೇರಿದ ಮೇಲೆ 4 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇರಲಿ, ಕರಗಿದ ಐಸ್ ನೀರಿನಲ್ಲಿ ಮಾಂಸ ಮುಳುಗದಿರಲಿ.

ಪ್ರ: ಜಿಂಕೆಗಳಿಗೆ ಬರುವ ಸಿ.ಡಬ್ಲ್ಯು.ಡಿ. (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ಕಾಯಿಲೆಯ ಬಗ್ಗೆ ಕೇಳಿ ಮನೆಯವರು ಮಾಂಸವೇ ಬೇಡ ಎನ್ನುತ್ತಿದ್ದಾರೆ. (ಪ್ಯೂಬ್ಲೊ)

ಉ: ಅವರ ಆತಂಕ ಅಸಡ್ಡೆ ಮಾಡುವಂಥದ್ದಲ್ಲ. 1967ರಲ್ಲಿ ಕೊಲರಾಡೊದ ಸಂಶೋಧನಾ ಕೇಂದ್ರವೊಂದರ ಜಿಂಕೆಗಳಲ್ಲಿ ಮೊದಲು ಕಂಡ ಕಾಯಿಲೆ ಇದು. ಪ್ರಿಯಾನ್ ಎಂಬ ವಿಕೃತ ಪ್ರೊಟೀನು ಮಿದುಳನ್ನು ತಿನ್ನುತ್ತದೆ, ಬಂದ ಪ್ರಾಣಿ ಉಳಿಯುವುದಿಲ್ಲ. ಮನುಷ್ಯರಿಗೆ ತಗುಲಿದ ಪ್ರಕರಣ ದೃಢಪಟ್ಟಿಲ್ಲ. ಆದರೂ ಪಾಸಿಟಿವ್ ಬಂದ ಪ್ರಾಣಿಯ ಮಾಂಸ ತಿನ್ನಬೇಡಿ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳುತ್ತದೆ. ಬೇಯಿಸಿದರೆ ಪ್ರಿಯಾನ್ ಸಾಯುವುದಿಲ್ಲ. ಸೋಂಕಿನ ಜಿಂಕೆ ತಿಂಗಳುಗಟ್ಟಲೆ ದಷ್ಟಪುಷ್ಟವಾಗಿಯೇ ಕಾಣುವುದರಿಂದ ಕಣ್ಣಳತೆ ನಡೆಯುವುದಿಲ್ಲ, ಪರೀಕ್ಷೆಯೇ ದಾರಿ.

ಪರೀಕ್ಷೆಗೆ ಬೇಕಾದ್ದು ಗಂಟಲ ಹಿಂಭಾಗದ ದುಗ್ಧಗ್ರಂಥಿ. ತಲೆಯನ್ನು ಕತ್ತಿನ ಒಂದಿಷ್ಟು ಭಾಗದೊಡನೆ ಕತ್ತರಿಸಿ ತಂಪಾಗಿಟ್ಟು ಇಲಾಖೆಯ ಕೇಂದ್ರಕ್ಕೆ ಕೊಡಿ. ಕೆಲವು ಯೂನಿಟ್ಟುಗಳಲ್ಲಿ ಪರೀಕ್ಷೆ ಕಡ್ಡಾಯ, ಅಂಥ ಲೈಸೆನ್ಸ್ ಪಡೆದವರಿಗೆ ಇಲಾಖೆ ಮೊದಲೇ ತಿಳಿಸುತ್ತದೆ. ಫಲಿತಾಂಶ ಬರುವವರೆಗೆ ಆ ಪೊಟ್ಟಣಗಳ ಮೇಲೆ ಗುರುತು ಬರೆದು ಫ್ರೀಜರಿನಲ್ಲಿ ಬೇರೆ ಇಡಿ. ಕಸಾಯಿಯವರಿಗೆ ಕೊಟ್ಟರೆ ಬೇರೆಯವರ ಮಾಂಸದೊಡನೆ ಸೇರಿಸಬೇಡಿ ಎಂದು ಹೇಳಿ. ಕೊಯ್ಯುವಾಗ ಕೈಗವಸು ಹಾಕಿ, ಬೆನ್ನುಮೂಳೆಯನ್ನು ಗರಗಸದಿಂದ ಸೀಳಬೇಡಿ. ಮಿದುಳು, ಬೆನ್ನುಹುರಿ ಇರುವ ಭಾಗವನ್ನು ಒಳಗೆ ತರುವುದನ್ನು ಹಲವು ರಾಜ್ಯಗಳು ನಿಷೇಧಿಸಿವೆ. ಗಡಿ ದಾಟುವುದಾದರೆ ಮೂಳೆ ತೆಗೆದ ಮಾಂಸ, ತೊಳೆದು ಒಣಗಿಸಿದ ಕೊಂಬಿನ ತಲೆಚಿಪ್ಪು ಇಷ್ಟನ್ನೇ ಒಯ್ಯಿರಿ. ದಾರಿಯಲ್ಲಿ ಹಾಯುವ ಪ್ರತಿ ರಾಜ್ಯದ ನಿಯಮವನ್ನೂ ನೋಡಿರಬೇಕು.

ಪ್ರ: ಹಿಂದೆ ಇನ್ನೊಂದು ಜಿಂಕೆ ನಿಂತದ್ದು ಕಾಣದೆ ಒಂದೇ ಗುಂಡಿಗೆ ಎರಡು ಬಿದ್ದರೆ ಅಥವಾ ಗುರುತು ತಪ್ಪಿದರೆ ಏನು ಗತಿ? (ಡುರಾಂಗೊ)

ಉ: ನಿಮ್ಮ ಟ್ಯಾಗನ್ನು ನಿಮ್ಮ ಜಿಂಕೆಗೆ ಹಾಕಿ. ಇನ್ನೊಂದಕ್ಕೆ ಗೆಳೆಯರ ಟ್ಯಾಗ್ ಹಾಕಬೇಡಿ, ಅದು ತಪ್ಪಿನ ಮೇಲೆ ಇನ್ನೊಂದು ತಪ್ಪು. ಎರಡರ ಮಾಂಸವನ್ನೂ ಸ್ವಚ್ಛ ಮಾಡಿ ತಂಪಾಗಿಸಿ. ಬಿದ್ದ ಜಾಗದ ಫೋಟೊ, ಜಿಪಿಎಸ್ ಗುರುತು ಇಟ್ಟುಕೊಳ್ಳಿ. ಸಿಗ್ನಲ್ ಸಿಕ್ಕ ಕೂಡಲೇ ಜಿಲ್ಲೆಯ ವನ್ಯಜೀವಿ ಅಧಿಕಾರಿಗೆ ಫೋನ್ ಮಾಡಿ ನಡೆದದ್ದನ್ನು ನಡೆದ ಹಾಗೆ ಹೇಳಿ. ದಂಡ ಬೀಳಬಹುದು. ಆದರೆ ತಾವಾಗಿ ಹೇಳಿದವರನ್ನೂ ಪೊದೆಯಲ್ಲಿ ಬಚ್ಚಿಟ್ಟು ಬಂದವರನ್ನೂ ಅಧಿಕಾರಿಗಳು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ.

ಬಚ್ಚಿಟ್ಟರೆ ಏನಾಗುತ್ತದೆ ಎಂಬುದೂ ತಿಳಿದಿರಲಿ. ಪ್ರತಿ ಅಪರಾಧಕ್ಕೂ ಲೈಸೆನ್ಸಿನ ಮೇಲೆ ದಂಡದ ಅಂಕಗಳಿವೆ, ಐದು ವರ್ಷದಲ್ಲಿ 20 ಅಂಕ ಸೇರಿದರೆ ಬೇಟೆಯ ಹಕ್ಕೇ ರದ್ದಾಗಬಹುದು. ರಾಜ್ಯಗಳ ನಡುವೆ ಒಪ್ಪಂದ ಇರುವುದರಿಂದ ಒಂದು ಕಡೆ ರದ್ದಾದದ್ದು ಬಹುತೇಕ ಎಲ್ಲ ಕಡೆಯೂ ರದ್ದು. ಆ ಮಾಂಸದೊಡನೆ ರಾಜ್ಯದ ಗಡಿ ದಾಟಿದರೆ ಅಕ್ರಮವಾಗಿ ಕೊಂದ ಪ್ರಾಣಿಯ ಸಾಗಣೆಯನ್ನು ತಡೆಯುವ ಲೇಸಿ ಕಾಯ್ದೆಯ ಪ್ರಕಾರ ಅದು ಫೆಡರಲ್ ಪ್ರಕರಣ. ವೀಸಾದಲ್ಲಿರುವವರಿಗೆ ಇದರ ತೂಕ ಇನ್ನೂ ಹೆಚ್ಚು.

ತಪ್ಪನ್ನು ತಪ್ಪಿಸುವ ಕೆಲಸ ಟ್ರಿಗರ್ ಒತ್ತುವ ಮುಂಚಿನ ಹತ್ತು ಸೆಕೆಂಡಿನಲ್ಲಿದೆ. ಕಣ್ಣನ್ನು ರೈಫಲ್ಲಿನ ದುರ್ಬೀನಿನಿಂದ ತೆಗೆದು ಬೈನಾಕ್ಯುಲರಿನಲ್ಲಿ ಇನ್ನೊಮ್ಮೆ ನೋಡಿ: ಕೊಂಬು ಎಷ್ಟು, ಹಿಂದೆ ಏನಿದೆ, ಪಕ್ಕದ ಪೊದೆಯಲ್ಲಿ ಇನ್ನೊಂದು ಕಿವಿ ಇದೆಯೇ. ಜಿಂಕೆ ಒಂಟಿಯಾಗಿ, ಮಗ್ಗುಲು ತೋರಿಸಿ ನಿಲ್ಲುವವರೆಗೆ ಬೆರಳು ಟ್ರಿಗರಿನ ಹೊರಗೇ ಇರಲಿ. ಅದು ನಡೆದು ಮರೆಯಾದರೆ ಆಗಲಿ, ಋತು ಮುಗಿಯುವವರೆಗೂ ಟ್ಯಾಗ್ ನಿಮ್ಮ ಜೇಬಿನಲ್ಲೇ ಇರುತ್ತದೆ.